ಚಿತ್ರ ಬರೆದವರ ಚಿತ್ರ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸಾವಿರಾರು ಬಾಂಬರ್ ವಿಮಾನಗಳಿಗೆ ಮಾಡಲು ಕೆಲಸವಿರಲಿಲ್ಲ. ಅರ್ಕನ್ಸಾಸ್ ರಾಜ್ಯದ ವಾಲ್ನಟ್ ರಿಜ್ ಎಂಬಲ್ಲಿನ ವಾಯುನೆಲೆಗೆ ಅವನ್ನು ತಂದು ಸಾಲುಗಟ್ಟಿ ನಿಲ್ಲಿಸಿದರು. ಕತ್ತರಿಸಿ, ಕರಗಿಸಿ, ಅಲ್ಯೂಮಿನಿಯಂ ಗಟ್ಟಿ ಮಾಡಿದರು. ಎಷ್ಟೋ ವಿಮಾನಗಳ ಮೂತಿಯ ಮೇಲೆ ಸೈನಿಕರು ಬರೆಸಿಕೊಂಡಿದ್ದ ಹುಡುಗಿಯರ ಚಿತ್ರಗಳಿದ್ದವು. ಗುಜರಿ ಕೆಲಸದ ಉಸ್ತುವಾರಿ ಹೊತ್ತಿದ್ದ ವ್ಯವಸ್ಥಾಪಕನೊಬ್ಬನಿಗೆ ಅವನ್ನೂ ಕುಲುಮೆಗೆ ಹಾಕಲು ಮನಸ್ಸು ಬರಲಿಲ್ಲ. ಕೊಡಲಿಯಿಂದ ಚಿತ್ರವಿದ್ದಷ್ಟೇ ತಗಡನ್ನು ಕಡಿಸಿ ತೆಗೆದಿಟ್ಟ. ಹಾಗೆ ಉಳಿದ ಮೂವತ್ತಕ್ಕೂ ಹೆಚ್ಚು ತಗಡುಗಳು ಈಗ ಟೆಕ್ಸಾಸ್‌ನಲ್ಲಿ ಹಳೆಯ ಯುದ್ಧವಿಮಾನಗಳನ್ನು ಕಾಪಾಡುವ ಸಂಸ್ಥೆಯೊಂದರ ವಶದಲ್ಲಿವೆ. ಸರ್ಕಾರ ಕೇಳಿಕೊಂಡಿರಲಿಲ್ಲ, ಯಾವ ಕಲಾವಿಮರ್ಶಕನೂ ಸಲಹೆ ಕೊಟ್ಟಿರಲಿಲ್ಲ. ಯುದ್ಧಕಾಲದ ಪಿನ್‌ಅಪ್ ಕಲೆ (ಗೋಡೆಗೆ ಪಿನ್ನಿನಿಂದ ಚುಚ್ಚಿಕೊಳ್ಳುವ ಹುಡುಗಿಯರ ಚಿತ್ರಗಳು) ಇಂದಿಗೂ ಉಳಿದಿರುವುದು ಬಹುಪಾಲು ಇಂಥ ಖಾಸಗಿ ಹುಚ್ಚಿನಿಂದ.

ಆದರೆ ಆ ಕಾಲದ ವಿಮಾನಚಿತ್ರಗಳಲ್ಲಿ ಹೆಚ್ಚಿನವಕ್ಕೆ ಸಹಿಯಿಲ್ಲ. ವಿಮಾನದ ಹೆಸರು ದೊಡ್ಡ ಅಕ್ಷರದಲ್ಲಿದೆ, ಹುಡುಗಿಯ ಭಂಗಿ ಸ್ಪಷ್ಟವಾಗಿದೆ, ಬರೆದವನು ಮಾತ್ರ ಕಾಣೆ. ಏಣಿಯ ಮೇಲೆ ಬಣ್ಣದ ಡಬ್ಬಿ ಹಿಡಿದು ನಿಂತಿರುವ ಸಿಪಾಯಿಯ ಹಳೆಯ ಫೋಟೊವೊಂದು ಸಿಕ್ಕರೆ ಇಂಥವನು ಇದ್ದ, ಇಂಥದ್ದನ್ನು ಬರೆದ ಎಂದು ಹೇಳಬಹುದು. ಸಿಗದಿದ್ದರೆ ಅಲ್ಲಿಗೆ ಮುಗಿಯಿತು. ಪಿನ್‌ಅಪ್ ಚಿತ್ರಗಳನ್ನು ಕೂಡಿಡುವುದು ಅರ್ಥವುಳ್ಳ ಕೆಲಸ ಎಂದು ನಾನು ವಾದಿಸುವುದು ಈ ಕಾರಣಕ್ಕಾಗಿ. ಅದಕ್ಕೊಂದು ಷರತ್ತನ್ನೂ ಸೇರಿಸುತ್ತೇನೆ: ಚಿತ್ರದ ಜೊತೆಗೆ ಅದನ್ನು ಬರೆದವರ, ಅದಕ್ಕಾಗಿ ನಿಂತವರ ಫೋಟೊಗಳನ್ನೂ ಕೂಡಿಡಬೇಕು. ಬರೀ ಚಿತ್ರ ಕೂಡಿಟ್ಟವರ ಬಳಿ ಉಳಿಯುವುದು ಒಂದು ಹಳೆಯ ಜಾಹೀರಾತು ಮಾತ್ರ.

ಈ ಕಲೆಯ ಪರಿಚಯವಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. 1933ರಲ್ಲಿ ಶುರುವಾದ ‘ಎಸ್ಕ್ವೈರ್’ ಪತ್ರಿಕೆಯಲ್ಲಿ ಮೊದಲ ಸಂಚಿಕೆಯಿಂದಲೇ ಜಾರ್ಜ್ ಪೆಟಿ ಎಂಬ ಕಲಾವಿದನ ಹುಡುಗಿಯರು ಬರತೊಡಗಿದರು: ನೀಳ ಕಾಲು, ಕೈಯಲ್ಲಿ ಟೆಲಿಫೋನು, ಬಣ್ಣವನ್ನು ಏರ್‌ಬ್ರಷ್‌ನಿಂದ ಊದಿ ತಂದ ಮಿರುಗುವ ಮೈ. ಸಂಭಾವನೆಯ ವಿಷಯದಲ್ಲಿ ಪೆಟಿಗೂ ಪತ್ರಿಕೆಗೂ ಹೊಂದಲಿಲ್ಲ. 1940ರಲ್ಲಿ ಪತ್ರಿಕೆ ಆಲ್ಬರ್ಟೊ ವಾರ್ಗಸ್‌ನನ್ನು ಕರೆತಂದಿತು. ಅವನು ಪೆರು ದೇಶದ ಅರೆಕಿಪಾ ಊರಿನವನು, ಫೋಟೊಗ್ರಾಫರನೊಬ್ಬನ ಮಗ, ನ್ಯೂಯಾರ್ಕ್‌ನ ನಾಟ್ಯಶಾಲೆಗಳ ನಟಿಯರ ಚಿತ್ರ ಬರೆದು ಬದುಕಿದ್ದವನು. ಯುದ್ಧ ಬಂತು. ಅವನ ಚಿತ್ರಗಳು ಪತ್ರಿಕೆಯ ಮಡಿಕೆಪುಟದಿಂದ ಹರಿದು ಸೈನಿಕರ ಟೆಂಟು, ಹಡಗಿನ ಬಂಕು, ವಿಮಾನದ ಮೂತಿಗಳಿಗೆ ಹೋದವು. ಹಾಲಿವುಡ್‌ನ ಬೆಟಿ ಗ್ರೇಬಲ್ ಬೆನ್ನು ತೋರಿಸಿ ಹಿಂತಿರುಗಿ ನಗುತ್ತಿರುವ 1943ರ ಫೋಟೊ ಲಕ್ಷಗಟ್ಟಲೆ ಪ್ರತಿಗಳಲ್ಲಿ ಹಂಚಿಹೋಯಿತು. ಸೇನೆಯ ಸ್ವಂತ ಪತ್ರಿಕೆ ‘ಯಾಂಕ್’ ಕೂಡ ಇಂಥ ಫೋಟೊಗಳನ್ನು ತಪ್ಪದೆ ಅಚ್ಚು ಹಾಕುತ್ತಿತ್ತು.

ಇಲ್ಲೊಂದು ತಮಾಷೆ ಇದೆ. ಸರ್ಕಾರದ ಒಂದು ಕೈ ಸೈನಿಕರಿಗೆ ಈ ಚಿತ್ರಗಳನ್ನು ಉಣಬಡಿಸುತ್ತಿದ್ದ ಅದೇ 1943ರಲ್ಲಿ ಇನ್ನೊಂದು ಕೈ ಅವನ್ನು ಅಶ್ಲೀಲವೆನ್ನುತ್ತಿತ್ತು. ಅಂಚೆ ಇಲಾಖೆಯ ಮುಖ್ಯಸ್ಥ ಫ್ರಾಂಕ್ ವಾಕರ್ ‘ಎಸ್ಕ್ವೈರ್’ಗಿದ್ದ ರಿಯಾಯಿತಿ ಅಂಚೆದರವನ್ನು ಕಿತ್ತುಕೊಂಡರು. ವಿಚಾರಣೆ ನಡೆಸಿದ ಮೂವರ ಮಂಡಳಿಯಲ್ಲಿ ಬಹುಮತ ಪತ್ರಿಕೆಯ ಪರವಾಗಿದ್ದರೂ ಅವರು ಕೇಳಲಿಲ್ಲ. ಪತ್ರಿಕೆಗೆ ವರ್ಷಕ್ಕೆ 5 ಲಕ್ಷ ಡಾಲರ್ ಹೆಚ್ಚುವರಿ ಹೊರೆ ಬೀಳುವ ಸಂಗತಿ ಅದು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1946ರಲ್ಲಿ ನ್ಯಾಯಾಲಯ ಒಮ್ಮತದಿಂದ ಪತ್ರಿಕೆಯ ಪರ ನಿಂತು, ಯಾವುದು ಓದಲು ಯೋಗ್ಯ ಎಂದು ತೀರ್ಮಾನಿಸುವ ಅಧಿಕಾರ ಅಂಚೆಯ ಸಾಹೇಬರಿಗಿಲ್ಲ ಎಂದಿತು. ಪತ್ರಿಕಾ ಸ್ವಾತಂತ್ರ್ಯದ ಪಾಠಗಳಲ್ಲಿ ಇಂದಿಗೂ ಆ ತೀರ್ಪನ್ನು ಓದುತ್ತಾರೆ. ಗೋಡೆಗೆ ಚುಚ್ಚಿದ ಒಂದು ಹಾಳೆ ಅಷ್ಟು ದೂರ ಹೋಗಿ ಮುಟ್ಟಿತು.

ಇಂಥದ್ದನ್ನೆಲ್ಲ ಕೂಡಿಡಬೇಕೇ ಎಂಬ ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕಲಾಗದು. ಗಂಡಸರನ್ನು ಸಾಯಲೂ ಕೊಲ್ಲಲೂ ಕಳಿಸುವಾಗ ಅವರ ಕಿಸೆಯಲ್ಲಿ ಹೆಣ್ಣಿನ ಚಿತ್ರ ಇಟ್ಟು ಕಳಿಸಿದ್ದು ಮುಗ್ಧ ಮನರಂಜನೆಯಾಗಿರಲಿಲ್ಲ. ಇತಿಹಾಸಕಾರ ರಾಬರ್ಟ್ ವೆಸ್ಟ್‌ಬ್ರೂಕ್ 1990ರ ಒಂದು ಪ್ರಬಂಧದಲ್ಲಿ ಇದನ್ನು ಬಿಡಿಸಿ ತೋರಿಸಿದ್ದಾರೆ. ಪ್ರಜಾಪ್ರಭುತ್ವ, ಸ್ವಾತಂತ್ರ್ಯ ಮುಂತಾದ ದೊಡ್ಡ ಮಾತುಗಳಿಗಾಗಿ ಪ್ರಾಣ ಕೊಡಿ ಎಂದು ಕೇಳುವುದು ಕಷ್ಟ. ಮನೆಯ ಹೆಂಡತಿ, ಗೆಳತಿ, ಪಕ್ಕದ ಬೀದಿಯ ಹುಡುಗಿ ಇವರನ್ನು ಕಾಯುವ ಹೊಣೆ ನಿನ್ನದು ಎನ್ನುವುದು ಸುಲಭ. ಗ್ರೇಬಲ್‌ಳ ಚಿತ್ರ ಆ ಹೊಣೆಯ ಗುರುತಾಗಿತ್ತು ಎಂಬುದು ಅವರ ವಾದದ ತಿರುಳು. ಈ ನಂಟು ಎಷ್ಟು ವಿಕಾರವಾಗಬಲ್ಲದು ಎಂಬುದಕ್ಕೂ ಸಾಕ್ಷಿಯಿದೆ. 1946ರ ಜುಲೈ 1ರಂದು ಬಿಕಿನಿ ದ್ವೀಪದಲ್ಲಿ ಸಿಡಿಸಿದ ಅಣುಬಾಂಬಿನ ಮೇಲೆ ರೀಟಾ ಹೇವರ್ತ್‌ಳ ಚಿತ್ರ ಅಂಟಿಸಿದ್ದರು, ಅವಳು ನಟಿಸಿದ ‘ಗಿಲ್ಡಾ’ ಸಿನಿಮಾದ ಹೆಸರನ್ನೂ ಬರೆದಿದ್ದರು. ಆಕೆಯನ್ನು ಕೇಳಿದವರಿಲ್ಲ. ಸುದ್ದಿ ತಿಳಿದು ಆಕೆ ಕೆಂಡವಾದಳೆಂದು ಆಗ ಆಕೆಯ ಗಂಡನಾಗಿದ್ದ ಆರ್ಸನ್ ವೆಲ್ಸ್ ಮುಂದೆ ಹೇಳಿದ್ದಾರೆ.

ಇದೆಲ್ಲ ನಿಜ. ಹಾಗಾದರೆ ಸುಟ್ಟುಬಿಡೋಣವೇ? ಸುಟ್ಟರೆ ಈ ವಾದಕ್ಕೆ ಬೇಕಾದ ಸಾಕ್ಷಿಯೂ ಸುಟ್ಟುಹೋಗುತ್ತದೆ. ಗಂಭೀರ ಸಂಸ್ಥೆಗಳು ಮುಟ್ಟದೆ ಬಿಟ್ಟರೆ ಆ ಜಾಗವನ್ನು ಹಳೆಯ ದಿನಗಳ ಹಳಹಳಿಕೆ ತುಂಬಿಕೊಳ್ಳುತ್ತದೆ. ತಗಡಿನ ಫಲಕ, ಕಾಫಿ ಮಗ್ಗು, ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತಗಳ ಮೇಲೆ ಈ ಹುಡುಗಿಯರು ಈಗಾಗಲೇ ನಗುತ್ತಿದ್ದಾರೆ. ಅಲ್ಲಿ ಯುದ್ಧವೂ ಇಲ್ಲ, ಬರೆದವನೂ ಇಲ್ಲ, ನಿಂತವಳೂ ಇಲ್ಲ. ಮರೆವಿನ ಅತಿ ಕೆಟ್ಟ ರೂಪ ಅದು. ಇನ್ನೊಂದು ಮಾತು: ಇವೆಲ್ಲ ಮಹಾನ್ ಕಲೆ ಎಂದು ನಾನು ಹೇಳುತ್ತಿಲ್ಲ. ವಾರ್ಗಸ್‌ನ ಜಲವರ್ಣದ ಹದ ಬೆರಗು ಹುಟ್ಟಿಸುತ್ತದೆ. ಉಳಿದವರಲ್ಲಿ ಅನೇಕರದು ಅಚ್ಚುಕಟ್ಟಾದ ಕಸುಬು, ಅಷ್ಟೆ. ಕಸುಬಿಗೂ ಇತಿಹಾಸ ಬೇಕು ಎಂಬುದಷ್ಟೇ ನನ್ನ ಹಟ.

ಈಗ ಫೋಟೊಗಳ ವಿಷಯ. ಕಲಾವಿದರ ಫೋಟೊಗಳಲ್ಲಿ ಎರಡು ಜಾತಿ. ಒಂದು ಪ್ರಚಾರಕ್ಕೆಂದು ತೆಗೆಸಿದ್ದು. ಇಸ್ತ್ರಿ ಕೆಡದ ಸೂಟು ತೊಟ್ಟ ಚಿತ್ರಕಾರ ಪೂರ್ತಿ ಮುಗಿದ ಚಿತ್ರಕ್ಕೆ ಒಣ ಕುಂಚ ತಾಗಿಸಿ ನಿಂತಿರುತ್ತಾನೆ. ಪಕ್ಕದಲ್ಲಿ ಅದೇ ಭಂಗಿಯಲ್ಲಿ ರೂಪದರ್ಶಿ ನಗುತ್ತಿರುತ್ತಾಳೆ. ಇಂಥವನ್ನು ಕೆಲಸದ ದಾಖಲೆ ಎಂದು ನಂಬಿದವರು ಮೋಸ ಹೋಗುತ್ತಾರೆ. ಆದರೂ ಇಟ್ಟುಕೊಳ್ಳಬೇಕು. ಪತ್ರಿಕೆಯೋ ಕ್ಯಾಲೆಂಡರ್ ಕಂಪನಿಯೋ ತನ್ನ ಕಲಾವಿದನನ್ನು ಲೋಕಕ್ಕೆ ಹೇಗೆ ತೋರಿಸಬಯಸಿತು ಎಂಬುದನ್ನು ಅವು ಹೇಳುತ್ತವೆ.

ಎರಡನೆಯದು ಕೆಲಸದ ಫೋಟೊ, ಚಿತ್ರ ಬರೆಯಲು ಆಧಾರವಾಗಿ ತೆಗೆದದ್ದು. ನನ್ನ ಮಟ್ಟಿಗೆ ಇದೇ ನಿಜವಾದ ನಿಧಿ. ಮಿನೆಸೋಟದ ಗಿಲ್ ಎಲ್ವ್‌ಗ್ರೆನ್ ಕ್ಯಾಮೆರಾ ಇಲ್ಲದೆ ಕೆಲಸಕ್ಕೆ ಕೂರುತ್ತಿರಲಿಲ್ಲ. ರೂಪದರ್ಶಿಯನ್ನು ನಿಲ್ಲಿಸಿ, ದೀಪ ಹೊಂದಿಸಿ, ತಾನೇ ಫೋಟೊ ತೆಗೆದು, ಅದನ್ನು ಮುಂದಿಟ್ಟುಕೊಂಡು ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಬರೆಯುತ್ತಿದ್ದ. ಆ ಫೋಟೊಗಳಲ್ಲಿ ಕೆಲವು ಪುಸ್ತಕಗಳಲ್ಲಿ ಚಿತ್ರದ ಪಕ್ಕದಲ್ಲೇ ಅಚ್ಚಾಗಿವೆ. ನಿಧಾನವಾಗಿ ಎರಡನ್ನೂ ಹೋಲಿಸಬೇಕು. ಫೋಟೊದಲ್ಲಿ ಮಾಮೂಲಿ ಮೈಕಟ್ಟಿನ ಹೆಂಗಸೊಬ್ಬಳು ಸ್ಟೂಲಿನ ಮೇಲೋ ಪೆಟ್ಟಿಗೆಯ ಮೇಲೋ ಕಷ್ಟಪಟ್ಟು ಸಮತೋಲ ಹಿಡಿದಿದ್ದಾಳೆ. ಚಿತ್ರಕ್ಕೆ ಬಂದಾಗ ಅವಳ ಕಾಲು ಉದ್ದವಾಗಿದೆ, ಸೊಂಟ ಕಿರಿದಾಗಿದೆ, ಹುಬ್ಬು ಮೇಲೇರಿದೆ. ಪೆಟ್ಟಿಗೆ ಹೋಗಿ ಮರವೋ ದೋಣಿಯೋ ಬಂದಿದೆ. ಗಾಳಿಗೆ ಲಂಗ ಹಾರಿದ್ದು ಆಕಸ್ಮಿಕ ಎಂದು ನಾವು ನಂಬಬೇಕು. ಸ್ತ್ರೀದೇಹದ ಮೇಲೆ ಪುರುಷನ ಕಲ್ಪನೆ ಏನು ಮಾಡುತ್ತದೆ ಎಂಬುದರ ಬಗ್ಗೆ ಪುಟಗಟ್ಟಲೆ ಸಿದ್ಧಾಂತ ಬರೆಯಬಹುದು. ಈ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟರೆ ಅದು ಇಂಚುಪಟ್ಟಿಯಲ್ಲಿ ಅಳೆಯುವಷ್ಟು ಸ್ಪಷ್ಟವಾಗುತ್ತದೆ. ಚಿತ್ರ ಮಾತ್ರ ಉಳಿದು ಫೋಟೊ ಕಸಕ್ಕೆ ಹೋದರೆ ಆ ಸುಳ್ಳಿಗೆ ಸಾಕ್ಷಿ ಹೇಳುವವರಿಲ್ಲ.

ಫೋಟೊಗಳು ನಮ್ಮ ಸಿದ್ಧ ತೀರ್ಮಾನಗಳನ್ನೂ ಅಲುಗಾಡಿಸುತ್ತವೆ. ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು ಎಂದು ಇಡೀ ಕಲೆಯನ್ನು ಒಂದೇ ಸಾಲಿನಲ್ಲಿ ಮುಗಿಸುವವರು ಜೋಯಿ ಮೊಜರ್ಟ್‌ಳನ್ನು ಎಲ್ಲಿ ಇಡುತ್ತಾರೆ? 1907ರಲ್ಲಿ ಹುಟ್ಟಿದ ಈಕೆ ಫಿಲಡೆಲ್ಫಿಯಾದಲ್ಲಿ ಕಲೆ ಕಲಿಯುವಾಗ ರೂಪದರ್ಶಿಯಾಗಿ ನಿಂತು ಶುಲ್ಕ ಹೊಂದಿಸಿದವಳು. ಮುಂದೆ ಪಿನ್‌ಅಪ್ ಕಲಾವಿದೆಯಾದಾಗ ಕನ್ನಡಿಯ ಮುಂದೆ ಕೂತು ತನ್ನನ್ನೇ ನೋಡಿಕೊಂಡು ಬರೆದಳು. ಬರೆಯುವ ಕೈ, ಬರೆಸಿಕೊಳ್ಳುವ ಮೈ ಎರಡೂ ಅವಳವೇ. ಜೇನ್ ರಸೆಲ್ ನಟಿಸಿದ ‘ದಿ ಔಟ್‌ಲಾ’ ಸಿನಿಮಾದ ಹೆಸರಾದ ಪೋಸ್ಟರ್ ಈಕೆಯದು. ಷಿಕಾಗೊದ ಪರ್ಲ್ ಫ್ರಷ್, ಜಾಯ್ಸ್ ಬ್ಯಾಲಂಟೈನ್ ಇದೇ ಮಾರುಕಟ್ಟೆಗೆ ಬರೆದ ಹೆಂಗಸರು. ಇವರ ಚಿತ್ರಗಳನ್ನು ಕ್ಯಾಲೆಂಡರಿನಲ್ಲಿ ನೋಡಿದರೆ ಗಂಡಸರು ಬರೆದವುಗಳಿಂದ ಬೇರ್ಪಡಿಸುವುದು ಕಷ್ಟ. ಕುಂಚ ಹಿಡಿದ ಫೋಟೊ ನೋಡಿದಾಗಲೇ ಪ್ರಶ್ನೆ ಏಳುವುದು. ಇದರಿಂದ ಈ ಕಲೆ ಸ್ತ್ರೀವಾದಿಯಾಗಿಬಿಡುವುದಿಲ್ಲ. ಆ ಕಾಲದ ಹೆಣ್ಣಿಗೆ ಸಂಪಾದನೆಯ ಯಾವ ಬಾಗಿಲುಗಳು ತೆರೆದಿದ್ದವು ಎಂಬುದಾದರೂ ಗೊತ್ತಾಗುತ್ತದೆ.

ಪೆಟಿಗೆ ಅವನ ಮಗಳೇ ಮುಖ್ಯ ರೂಪದರ್ಶಿಯಾಗಿದ್ದಳು ಎಂಬುದನ್ನು ಓದಿದಾಗ ನಮ್ಮಲ್ಲಿ ಕೆಲವರಿಗೆ ಮುಜುಗರವಾಗಬಹುದು. ನನಗೂ ಆಗುತ್ತದೆ. ಮುಜುಗರವಾಯಿತೆಂದು ಆ ಮಾಹಿತಿಯನ್ನು ಮುಚ್ಚಿಡುವ ಸಂಗ್ರಾಹಕನಿಗಿಂತ ಅದನ್ನು ಚಿತ್ರದ ಜೊತೆಗೇ ಬರೆದಿಡುವವನು ಮೇಲು. ಇನ್ನೊಂದು ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಯುದ್ಧದ ಕೊನೆಯ ಹಂತದಲ್ಲಿ ಡೇವಿಡ್ ಕೊನೊವರ್ ಎಂಬ ಸೇನಾ ಫೋಟೊಗ್ರಾಫರ್ ಕ್ಯಾಲಿಫೋರ್ನಿಯಾದ ರೇಡಿಯೊಪ್ಲೇನ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹೆಂಗಸರ ಫೋಟೊ ತೆಗೆಯಲು ಹೋದ. ಅಲ್ಲಿದ್ದ ನಾರ್ಮಾ ಜೀನ್ ಎಂಬ ಹುಡುಗಿಯ ಫೋಟೊ ತೆಗೆದ. ಯುದ್ಧದ ನಂತರ ಅವಳು ಅರ್ಲ್ ಮೊರಾನ್ ಎಂಬ ಕ್ಯಾಲೆಂಡರ್ ಕಲಾವಿದನಿಗೆ ರೂಪದರ್ಶಿಯಾದಳು. ಆಮೇಲೆ ಮರ್ಲಿನ್ ಮನ್ರೊ ಆದಳು. ಮೊರಾನ್ ತೆಗೆದ ಅವಳ ಫೋಟೊಗಳಿಗೆ ಈಗ ಬೇಡಿಕೆ ಇರುವುದು ಆ ಹೆಸರಿನಿಂದ. ಅದೇ ಸ್ಟುಡಿಯೊದಲ್ಲಿ ಅದೇ ದೀಪದ ಕೆಳಗೆ ನಿಂತ ಉಳಿದ ಹುಡುಗಿಯರ ಫೋಟೊಗಳನ್ನು ಕೇಳುವವರು ಕಡಿಮೆ.

ಹೆಸರಿನ ಮಾತು ಬಂದಾಗ ವಾರ್ಗಸ್‌ನ ಗತಿ ಹೇಳದೆ ಮುಂದೆ ಹೋಗಲಾಗದು. ಪತ್ರಿಕೆ ಅವನ ಹೆಸರಿನ ಕೊನೆಯ ‘ಸ್’ ಕಿತ್ತುಹಾಕಿ ‘ವಾರ್ಗಾ’ ಎಂದು ಮಾಡಿತು. ‘ವಾರ್ಗಾ ಗರ್ಲ್’ ಜಗತ್ಪ್ರಸಿದ್ಧಳಾದಳು. 1944ರಲ್ಲಿ ಅವನು ಸರಿಯಾಗಿ ಓದದೆಯೇ ಹೊಸ ಒಪ್ಪಂದವೊಂದಕ್ಕೆ ಸಹಿ ಹಾಕಿದ. ಚಿತ್ರಗಳ ಹಕ್ಕೂ ಆ ಹೆಸರಿನ ಹಕ್ಕೂ ಪತ್ರಿಕೆಯವಾದವು. ಸಂಬಂಧ ಮುರಿದ ಮೇಲೆ ಪತ್ರಿಕೆ ಅವನ ಚಿತ್ರಗಳನ್ನು ಹೆಸರಿಲ್ಲದೆ, ‘ಎಸ್ಕ್ವೈರ್ ಗರ್ಲ್’ ಎಂದು ಅಚ್ಚು ಹಾಕತೊಡಗಿತು. ಅವನು ಕೋರ್ಟಿಗೆ ಹೋದ. 1947ರಲ್ಲಿ ಮೇಲ್ಮನವಿ ನ್ಯಾಯಾಲಯ ಅವನ ವಿರುದ್ಧ ತೀರ್ಪು ಕೊಟ್ಟಿತು: ಎಲ್ಲ ಹಕ್ಕನ್ನೂ ಮಾರಿದವನು ಹೆಸರು ಹಾಕಿ ಎಂದು ಒತ್ತಾಯಿಸಲಾರ; ಅವನು ಕೇಳುತ್ತಿರುವುದು ಬೇರೆ ದೇಶಗಳಲ್ಲಿರುವ ಕಾನೂನು. ಕಲಾವಿದನ ನೈತಿಕ ಹಕ್ಕಿನ ಚರ್ಚೆಯಲ್ಲಿ ಈ ಪ್ರಕರಣ ಇಂದಿಗೂ ಬರುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಸೆಕ್ಷನ್ ಹಕ್ಕು ಮಾರಿದ ಮೇಲೂ ಕರ್ತೃತ್ವವನ್ನು ಹೇಳಿಕೊಳ್ಳುವ ಅಧಿಕಾರವನ್ನು ಕಲಾವಿದನಿಗೇ ಬಿಟ್ಟಿದೆ. ವಿಜ್ಞಾನ ಭವನದಲ್ಲಿದ್ದ ತನ್ನ ಭಿತ್ತಿಶಿಲ್ಪವನ್ನು ಕಿತ್ತು ಹಾಳುಮಾಡಿದ ಕೇಂದ್ರ ಸರ್ಕಾರದ ವಿರುದ್ಧ ಶಿಲ್ಪಿ ಅಮರ್‌ನಾಥ್ ಸೆಹಗಲ್ 2005ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆದ್ದದ್ದು ಇದೇ ಸೆಕ್ಷನ್‌ನ ಬಲದಿಂದ. ವಾರ್ಗಸ್‌ಗೆ ಆ ಭಾಗ್ಯವಿರಲಿಲ್ಲ. ಕಾನೂನು ಹೆಸರನ್ನು ಅಳಿಸಲು ಬಿಟ್ಟಾಗ, ಅದೇ ಚಿತ್ರದ ಮುಂದೆ ಕುಂಚ ಹಿಡಿದು ಕೂತ ವಾರ್ಗಸ್‌ನ ಫೋಟೊವೇ ಅವನ ಸಹಿ.

ಇನ್ನು ಮಾರುಕಟ್ಟೆ. ಮೆಂಫಿಸ್ ಬೆಲ್ ಎಂಬ ಪ್ರಸಿದ್ಧ ಬಿ-17 ವಿಮಾನವನ್ನು ಯುದ್ಧದ ನಂತರ ಮೆಂಫಿಸ್ ನಗರ ಗುಜರಿಯಿಂದ ಬಿಡಿಸಿಕೊಂಡದ್ದು 350 ಡಾಲರಿಗೆ. ಅದರ ಮೂತಿಯ ಮೇಲಿರುವುದು ‘ಎಸ್ಕ್ವೈರ್’ನ 1941ರ ಏಪ್ರಿಲ್ ಸಂಚಿಕೆಯ ಪೆಟಿಯ ಹುಡುಗಿ. ಬರೆದವನು ಇಂಗ್ಲೆಂಡಿನ ಬ್ಯಾಸಿಂಗ್‌ಬರ್ನ್ ನೆಲೆಯಲ್ಲಿದ್ದ ಕಾರ್ಪೊರಲ್ ಟೋನಿ ಸ್ಟಾರ್ಸರ್. ಎಡಬದಿಗೆ ನೀಲಿ ಉಡುಪು, ಬಲಬದಿಗೆ ಕೆಂಪು. ಹೆಸರು ಉಳಿದ ಕೆಲವೇ ವಿಮಾನಚಿತ್ರಕಾರರಲ್ಲಿ ಅವನೊಬ್ಬ. ದುರಸ್ತಿಯಾದ ವಿಮಾನ 2018ರಿಂದ ಓಹಾಯೊದ ಡೇಟನ್ ವಾಯುಪಡೆ ಸಂಗ್ರಹಾಲಯದಲ್ಲಿದೆ. ಅದೇ 350 ಡಾಲರಿನ ಲೋಕದಿಂದ 2011ಕ್ಕೆ ಬನ್ನಿ: ಎಲ್ವ್‌ಗ್ರೆನ್ 1947ರಲ್ಲಿ ಬರೆದ ‘ಗೇ ನಿಂಫ್’ ಚಿತ್ರ ಹರಾಜಿನಲ್ಲಿ 2,86,800 ಡಾಲರಿಗೆ ಹೋಯಿತು. ಅದು ಫ್ಲಾರಿಡಾದ ಚಾರ್ಲ್ಸ್ ಮಾರ್ಟಿನೆಟ್ ಎಂಬ ಸಂಗ್ರಾಹಕನದು. ಬೇರೆಯವರು ಅಗ್ಗದ ಸರಕೆಂದು ಬಿಟ್ಟಿದ್ದ ಕಾಲದಲ್ಲಿ ಸಾವಿರಾರು ಮೂಲಚಿತ್ರಗಳನ್ನು ಕೂಡಿಟ್ಟು, ಲೂಯಿ ಮೈಸೆಲ್ ಜೊತೆ 1996ರಲ್ಲಿ ದಪ್ಪ ಪುಸ್ತಕ ತಂದವನು. ಅವನು ಸತ್ತ ಮೇಲೆ ಸಂಗ್ರಹ ಹರಾಜಿಗೆ ಹೋಗಿ ಚದುರಿತು. ‘ಎಸ್ಕ್ವೈರ್’ ತನ್ನಲ್ಲಿದ್ದ ಮೂಲಚಿತ್ರಗಳನ್ನು 1980ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯದ ಸ್ಪೆನ್ಸರ್ ಕಲಾಸಂಗ್ರಹಾಲಯಕ್ಕೆ ಕೊಟ್ಟದ್ದರಿಂದ ವಾರ್ಗಸ್‌ನ ಕೃತಿಗಳಲ್ಲಿ ದೊಡ್ಡ ಭಾಗ ಒಂದೆಡೆ ಉಳಿದಿದೆ. ಖಾಸಗಿ ಸಂಗ್ರಾಹಕ ಕಾಪಾಡುತ್ತಾನೆ, ಸಾರ್ವಜನಿಕ ಸಂಸ್ಥೆ ಒಟ್ಟಿಗಿಡುತ್ತದೆ. ಎರಡೂ ಬೇಕು, ಈ ಕ್ರಮದಲ್ಲೇ.

ಮಾರುಕಟ್ಟೆಯ ಒಂದು ಮೂರ್ಖತನವನ್ನು ಹೇಳಲೇಬೇಕು. ಪಿನ್ನಿನ ತೂತುಗಳಿರುವ, ಮಡಿಕೆ ಸವೆದ, ಮೂಲೆ ಹರಿದ ಹಾಳೆಗೆ ಬೆಲೆ ಕಡಿಮೆ; ಯಾರೂ ಮುಟ್ಟದೆ ಲಕೋಟೆಯಲ್ಲೇ ಉಳಿದ ಕ್ಯಾಲೆಂಡರಿಗೆ ಹೆಚ್ಚು. ಅಂದರೆ ಯುದ್ಧವನ್ನು ಕಂಡ ಹಾಳೆ ಅಗ್ಗ, ಗೋದಾಮಿನಲ್ಲಿ ಮಲಗಿದ್ದು ದುಬಾರಿ. ಫೋಟೊಗಳಲ್ಲೂ ಹೀಗೆಯೇ. ಹಿಂಬದಿಯ ರಬ್ಬರ್ ಮುದ್ರೆ, ಪೆನ್ಸಿಲ್ ಬರಹ, ಅಂಟಿಸಿದ ಶೀರ್ಷಿಕೆಯ ಚೀಟಿ ಇವೆಲ್ಲ ಕೊಳೆ ಎಂದು ತಿಳಿದು ಫೋಟೊವನ್ನು ಚೌಕಟ್ಟಿಗೆ ಅಂಟು ಹಾಕಿ ಕೂಡಿಸುವವರಿದ್ದಾರೆ. ತಾರೀಖು, ಸ್ಟುಡಿಯೊ, ಹೆಸರು ಇರುವುದು ಅಲ್ಲೇ. ನನ್ನ ಮುಂದೆ ತೂತಿಲ್ಲದ ಸುಂದರ ಮಡಿಕೆಪುಟ, ತೂತುಳ್ಳ ಹಾಳೆಯ ಜೊತೆ ಅದೇ ಹಾಳೆ ಬಂಕಿನ ಗೋಡೆಯಲ್ಲಿ ಕಾಣುವ ಫೋಟೊ ಎರಡನ್ನೂ ಇಟ್ಟರೆ ಎರಡನೆಯದನ್ನು ಆರಿಸಲು ಒಂದು ಕ್ಷಣವೂ ಬೇಡ.

ಕೂಡಿಡಬೇಕು ಎಂದ ಮಾತ್ರಕ್ಕೆ ಸಿಕ್ಕಿದ್ದನ್ನೆಲ್ಲ ಪ್ರದರ್ಶಿಸಬೇಕು ಎಂದಲ್ಲ. ಕೆಲಸದ ಫೋಟೊಗಳಲ್ಲಿ ಕೆಲವು ಬತ್ತಲೆ ಅಥವಾ ಅರೆಬತ್ತಲೆ. ಅವು ಕಲಾವಿದನ ಮೇಜಿಗೆಂದು ತೆಗೆದವು, ಅಚ್ಚಿಗೆಂದಲ್ಲ. ಆ ಹೆಂಗಸು ಒಪ್ಪಿದ್ದು ಚಿತ್ರಕ್ಕೆ. ಅಲ್ಲಿ ಅವಳ ಮುಖ ಬದಲಾಗುತ್ತಿತ್ತು, ಹೆಸರು ಇರುತ್ತಿರಲಿಲ್ಲ. ಸ್ಟುಡಿಯೊದ ಪೆಟ್ಟಿಗೆ ಹರಾಜಾದ ಕೂಡಲೇ ಅವಳ ಒಪ್ಪಿಗೆ ವಿಸ್ತರಿಸಿತೆಂದು ಹೇಳುವುದು ಹೇವರ್ತ್‌ಳ ಚಿತ್ರವನ್ನು ಬಾಂಬಿಗೆ ಅಂಟಿಸಿದವರ ತರ್ಕಕ್ಕೆ ಬಹಳ ದೂರವಿಲ್ಲ. ಸಂಗ್ರಾಹಕ ಇಟ್ಟುಕೊಳ್ಳಲಿ, ಅಧ್ಯಯನಕ್ಕೆ ಬಂದವರಿಗೆ ತೋರಿಸಲಿ, ರೂಪದರ್ಶಿ ತಾನೇ ಹೇಳಿಕೊಂಡಿದ್ದರೆ ಹೆಸರು ಬರೆಯಲಿ. ಉಳಿದದ್ದನ್ನು ಪೋಸ್ಟ್‌ಕಾರ್ಡ್ ಮಾಡಿ ಮಾರುವ ಹಕ್ಕು ಹಣ ಕೊಟ್ಟ ಮಾತ್ರಕ್ಕೆ ಬರುವುದಿಲ್ಲ.

ಯಾರ ಚಿತ್ರ ಇಲ್ಲ ಎಂಬುದನ್ನೂ ಸಂಗ್ರಹ ಹೇಳಬೇಕು. ಪೆಟಿ, ವಾರ್ಗಸ್, ಎಲ್ವ್‌ಗ್ರೆನ್ ಬರೆದ ಹುಡುಗಿಯರು ಬಿಳಿಯರು. ಆಗ ಅಮೆರಿಕದ ಸೇನೆಯಲ್ಲಿ ಕರಿಯರಿಗೆ ಬೇರೆ ಪಂಗಡ, ಬೇರೆ ಬ್ಯಾರಕ್ಕು. ಆ ಬೇರ್ಪಡಿಕೆಯನ್ನು ಕೈಬಿಡಲು ಆದೇಶ ಬಂದದ್ದು 1948ರಲ್ಲಿ. ಆ ಬ್ಯಾರಕ್ಕುಗಳ ಗೋಡೆಯಲ್ಲಿದ್ದವಳು ಗಾಯಕಿ, ನಟಿ ಲೀನಾ ಹಾರ್ನ್. ಅವಳ ಫೋಟೊ ಇಲ್ಲದ ಸಂಗ್ರಹ ಎಷ್ಟೇ ದೊಡ್ಡದಾದರೂ ಯುದ್ಧಕಾಲದ ಪೂರ್ಣ ದಾಖಲೆಯಾಗಲಾರದು.

ಕನ್ನಡ ಓದುಗರಿಗೆ ಇದರಲ್ಲೇನಿದೆ ಎಂದು ಕೇಳಬಹುದು. ಅದೇ ಕಾಲದಲ್ಲಿ ಕಲಬುರಗಿಯ ಎಸ್.ಎಂ. ಪಂಡಿತ್ ಮುಂಬೈಯಲ್ಲಿ ಹಾಲಿವುಡ್ ಸಿನಿಮಾಗಳ ಪ್ರಚಾರಫಲಕಗಳನ್ನು ಬರೆದು ಹೆಸರಾಗಿದ್ದರು. ಅಚ್ಚಿಗೆಂದು ಬರೆದದ್ದು ಕಲೆಯಲ್ಲ ಎಂಬ ಉದಾಸೀನ ಅವರಂಥವರನ್ನೂ ಬಿಟ್ಟಿಲ್ಲ. ಇನ್ನೊಂದು ನಂಟು ಇನ್ನೂ ನೇರವಾದದ್ದು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದೊಡನೆ ಸೇರಿ 1940ರಲ್ಲಿ ಬೆಂಗಳೂರಿನಲ್ಲಿ ತೆರೆದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಉಸ್ತುವಾರಿಗೆ ಹೋಯಿತು. ಬರ್ಮಾ, ಚೀನಾ ಕಡೆಯ ಯುದ್ಧದ ವಿಮಾನಗಳು ದುರಸ್ತಿಗೆ ಇಲ್ಲಿಗೆ ಬರುತ್ತಿದ್ದವು. ಆ ರಂಗದ ಅಮೆರಿಕನ್ ಬಾಂಬರುಗಳ ಮೂತಿಯ ಮೇಲೂ ಹುಡುಗಿಯರಿದ್ದರು. ಅವನ್ನು ಬಿಚ್ಚಿ ಜೋಡಿಸಿದ ಕೈಗಳಲ್ಲಿ ನಮ್ಮೂರಿನವರ ಕೈಗಳೂ ಇದ್ದವು. ಆ ಪೀಳಿಗೆಯ ಮನೆಗಳ ಹಳೆಯ ಆಲ್ಬಮ್ಮುಗಳು ಈಗ ಗುಜರಿಯವರ ತಕ್ಕಡಿಗೆ ಹೋಗುತ್ತಿವೆ. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ವಿಮಾನದ ಪಕ್ಕ ನಿಂತ ಕಾರ್ಮಿಕರ ಫೋಟೊ ಇದ್ದರೆ ಆಲ್ಬಮ್ಮಿನಿಂದ ಕೀಳಬೇಡಿ. ಹಿಂಬದಿಯಲ್ಲಿ ಬರಹ ಕಂಡರೆ ಓದಿ, ಇಲ್ಲದಿದ್ದರೆ ಅದರಲ್ಲಿರುವವರ ಹೆಸರುಗಳನ್ನು ಮನೆಯ ಹಿರಿಯರನ್ನು ಕೇಳಿ ಬೇರೊಂದು ಚೀಟಿಯಲ್ಲಿ ಬರೆದಿಡಿ.